ಕಡಲಿಗೊಂದು ಕಾಪು

ಹೈದರಾಬಾದಿಗೆ ಕಡಲಿಲ್ಲ, ಆದರೆ ಕಡಲಿನ ಸುದ್ದಿ ಇಲ್ಲಿಂದಲೇ ಹೊರಡುತ್ತದೆ. 1999ರಲ್ಲಿ ಸ್ಥಾಪಿತವಾಗಿ ಈಗ ಪ್ರಗತಿನಗರದಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು, ಉಪಗ್ರಹಗಳು ಕಂಡ ನೀರಿನ ಬಿಸಿಯನ್ನೂ ಬಣ್ಣವನ್ನೂ ಪರಿಶೀಲಿಸಿ, ಮೀನು ಎಲ್ಲಿ ನೆರೆದಿರಬಹುದೆಂದು ಮಲ್ಪೆ, ಕಾರವಾರಗಳವರೆಗೂ ತಿಳಿಸುತ್ತದೆ. ಜೂನ್, ಜುಲೈ ಬಂದಿತೆಂದರೆ ಮಾತ್ರ ಪಡುವಣ ಕರಾವಳಿಗೆ ಈ ಸೂಚನೆ ನಿಲ್ಲುತ್ತದೆ. ಅದು ಮೀನುಗಾರಿಕೆಯ ರಜೆಯ ಕಾಲ. ಬಯಲುಸೀಮೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಲ್ಲಿ ಬಹುಮಂದಿಗೆ ಈ ರಜೆಯ ಇತಿಹಾಸ ಅಪರಿಚಿತ.

ಕಾಯಿದೆಗಳು ಹುಟ್ಟುವುದಕ್ಕೆ ಬಹು ಹಿಂದೆಯೇ ನಮ್ಮ ಮೊಗವೀರರೂ ಖಾರ್ವಿಗಳೂ ಹರಿಕಾಂತರೂ ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಬಲೆ ಸರಿಪಡಿಸುತ್ತ ಕುಳಿತಿರುತ್ತಿದ್ದರು. ನೂಲಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ನೀರಿಗಿಳಿಯುವುದು. ಇದಕ್ಕೆ ಕೆರಳಿದ ಕಡಲಿನ ಭಯವೇ ಮುಖ್ಯ ಕಾರಣ. ಹಿರಿಯರು ಎಲ್ಲವನ್ನೂ ವಿಜ್ಞಾನ ಬಲ್ಲವರಾಗಿಯೇ ಮಾಡಿದರೆಂದು ಹೊಗಳಿಕೊಳ್ಳುವ ಚಪಲ ನಮಗೆ ಬೇಡ. ಆದರೆ ಬೂತಾಯಿ ಮೊಟ್ಟೆಯಿಡುವುದು ಬಹುಮಟ್ಟಿಗೆ ಆ ದಿನಗಳಲ್ಲಿಯೇ ಆದುದರಿಂದ, ಮನುಷ್ಯನ ಭಯ ಮೀನಿನ ಸಂತಾನಕ್ಕೆ ರಕ್ಷೆಯಾಯಿತು.

ಸ್ಥಳವನ್ನೇ ಕಾಯುವ ರೂಢಿಯೂ ನಮಗೆ ಹೊಸತಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿಯೂ ದೇವಾಲಯದ ಮುಂದಿನ ಮೀನುಗಳಿಗೆ ಯಾರೂ ಗಾಳ ಹಾಕರು. 1996ರಲ್ಲಿ ಶಿಶಿಲದ ನೀರಿಗೆ ದುರುಳರು ವಿಷವಿಕ್ಕಿದಾಗ, ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಿದರು! ಸಮುದ್ರದಲ್ಲಿ ಮಾತ್ರ ಹೀಗೆ ಗೆರೆ ಎಳೆಯುವ ಪ್ರಮೇಯ ಬಂದಿರಲಿಲ್ಲ. ಮಳೆಗಾಲವೇ ಅಲ್ಲಿ ಬೇಲಿಯಾಗಿತ್ತು.

ಆ ಬೇಲಿ ಮುರಿದುದು ಯಂತ್ರ ಬಂದಾಗ. ಅದಕ್ಕೆ ಮೊದಲು ರಂಪಣಿಯ ಕಾಲ. ಹತ್ತಾರು ಮಂದಿ ದಡದಲ್ಲಿ ಸಾಲಾಗಿ ನಿಂತು ಆ ಮಹಾಬಲೆಯನ್ನು ಎಳೆದು, ಸಿಕ್ಕಿದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಬಲೆ ದಡದ್ದು, ಆದುದರಿಂದ ದಡದ ಬಳಿ ಬಂದ ಮೀನು ಮಾತ್ರ ಅದಕ್ಕೆ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಲೆಯ ಯಂತ್ರದೋಣಿಗಳು ಬಂದು, ಮೀನಿನ ಹಿಂಡು ದಡ ಸೇರುವ ಮುನ್ನವೇ ಸುತ್ತುವರಿದು ಎತ್ತತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಅದರೊಡನೆ ಒಂದು ಕೂಡುಬಾಳೂ ಹೋಯಿತು. ಕಡಲಮಕ್ಕಳು ತಮ್ಮತಮ್ಮಲ್ಲೇ ಕಾದಾಡಿದರು. ಇಂಥ ಹಿನ್ನೆಲೆಯಲ್ಲಿ ಬಂದುದು 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ. ಈಗ ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಿಷೇಧವಿದೆ.

ಎರಡು ತಿಂಗಳ ರಜೆಯಿಂದ ಹವಳಕ್ಕೂ ಆಮೆಗೂ ಸಾಕಷ್ಟು ರಕ್ಷಣೆ ಸಿಕ್ಕದು. ಅವು ವರ್ಷವಿಡೀ ಅಥವಾ ಬೇರೆ ಋತುವಿನಲ್ಲಿ ಕಾಪು ಬೇಡುವಂಥವು. ಆದುದರಿಂದಲೇ ಕಡಲಿನಲ್ಲಿಯೂ ಗೆರೆ ಎಳೆಯುವ ವಿಚಾರ ಬಂತು. ಗುಜರಾತಿನ ಕಚ್ಛ್ ಕೊಲ್ಲಿಯಲ್ಲಿ 1982ರಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನಗಳಾದವು. ಮನ್ನಾರಿನಲ್ಲಿ ಹವಳಕ್ಕೆ ಆಸರೆ ದೊರೆತುದೇನೋ ಸರಿ. ಆದರೆ ತಲೆಮಾರುಗಳಿಂದ ದ್ವೀಪಗಳ ಬಳಿ ಮುಳುಗಿ ಕಡಲಪಾಚಿ ಕೀಳುತ್ತಿದ್ದ ಬಡ ಹೆಂಗಸರು ತಮ್ಮ ನೀರಿನಲ್ಲಿಯೇ ಕಳ್ಳರೆನಿಸಿಕೊಂಡರು. ಇದನ್ನು ನಾವು ಲಘುವಾಗಿ ಎಣಿಸಲಾಗದು.

ನಮ್ಮ ನಾಡು ಈ ಕಾರ್ಯದಲ್ಲಿ ತಡಮಾಡಿತು. ಮುರ್ಡೇಶ್ವರದಾಚೆಯ ನೇತ್ರಾಣಿಯ ಸುತ್ತ ಹವಳವಿದೆ, ದ್ವೀಪದಲ್ಲಿ ಕಡಲಹದ್ದುಗಳ ಗೂಡುಗಳಿವೆ. ಅಂಥ ದ್ವೀಪ ಬಹುಕಾಲ ನೌಕಾದಳದ ಗುಂಡಿನಭ್ಯಾಸಕ್ಕೆ ಗುರಿಯಾಗಿತ್ತು. ಹೊನ್ನಾವರದ ಬಳಿಯ ಅಪ್ಸರಕೊಂಡ–ಮುಗಳಿಯ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಗುರುತಿಸಿದ್ದು 2020ರಿಂದೀಚೆಗೆ.

ಅಲ್ಲಿಗೆ ಸಮೀಪದ ಕಾಸರಕೋಡು (ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಲ್ಲ) ಆಮೆಗಳು ಮೊಟ್ಟೆಯಿಡುವ ಮರಳದಂಡೆ. ಬಂದರು ಕಟ್ಟುವ ಯೋಜನೆ ಬಂದಾಗ, ದಂಡೆಯೂ ಆಮೆಯ ನೆಲೆಯೂ ಹೋಗುವುದೆಂದು ಅಡ್ಡನಿಂತವರು ಅಲ್ಲಿಯ ಮೀನುಗಾರರೇ. ಇನ್ನು ಕಡಲಿನಲ್ಲಿ ಎಳೆದ ಗೆರೆಯೊಳಗೆ ಅವರ ನಾಡದೋಣಿಗೆ ಯಾವ ಎಡೆ ದೊರೆಯುವುದೆಂಬುದನ್ನು ಅವರನ್ನು ಕೂಡಿಸಿಕೊಂಡೇ ನಿರ್ಧರಿಸಬೇಕಾಗಿದೆ.