ಗ್ರಂಥಾಲಯ ಉದ್ಘಾಟನೆಗೆ ಬಂದ ರಾಕ್ ಬ್ಯಾಂಡ್

2009ರ ಜೂನ್‌ನಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಹೊಸ ಕೇಂದ್ರ ಗ್ರಂಥಾಲಯದ ಉದ್ಘಾಟನೆ ನಡೆಯಿತು. ಉದ್ಘಾಟಿಸಿದ್ದು ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಎಂಬ ರಾಕ್ ಬ್ಯಾಂಡಿನ ಮೂವರು. ಅಂದು ಅನಾವರಣಗೊಂಡ ಫಲಕದ ಮೇಲಿದ್ದದ್ದು ಅವರದೇ ಹಾಡಿನ ಸಾಲು. ಗಿಟಾರ್ ಬಾರಿಸುವವರಿಗೂ ಗ್ರಂಥಾಲಯಕ್ಕೂ ಏನು ಸಂಬಂಧ ಅಂತ ನಮಗೂ ಮೊದಲು ಅನ್ನಿಸಿತ್ತು.

ಕಾರ್ಡಿಫ್ ಇರುವುದು ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನಲ್ಲಿ. ಅದರ ದಕ್ಷಿಣದ ಕಣಿವೆಗಳಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲೇ ಬದುಕು. ಗಣಿ ಕಾರ್ಮಿಕರು ಕೂಲಿಯಲ್ಲಿ ಚಿಲ್ಲರೆ ಕಾಸು ಕಡಿತ ಮಾಡಿಸಿ, ಊರೂರಲ್ಲಿ ತಮ್ಮದೇ ಸಭಾಭವನ ಕಟ್ಟಿಕೊಂಡರು. ಹಲವು ಕಡೆ ಅದರೊಳಗೆ ಗ್ರಂಥಾಲಯವೂ ಇತ್ತು. ಸಿರ್ಹೋವಿ ಕಣಿವೆಯ ಟ್ರೆಡೆಗರ್ ಊರಿನ ಕಾರ್ಮಿಕರ ಗ್ರಂಥಾಲಯದಲ್ಲಿ ಓದಿ ಬೆಳೆದವರು ಅನೈರಿನ್ ಬೆವನ್. ಹದಿಮೂರನೇ ವಯಸ್ಸಿಗೆ ಗಣಿ ಸೇರಿದ ಅವರು ಮುಂದೆ ಆರೋಗ್ಯ ಮಂತ್ರಿಯಾಗಿ, 1948ರಲ್ಲಿ ಬ್ರಿಟನ್ನಿನ ಎಲ್ಲರಿಗೂ ಉಚಿತ ಚಿಕಿತ್ಸೆ ಸಿಗುವಂತೆ ಮಾಡಿದರು.

ಅದೇ ಕಣಿವೆಯಲ್ಲಿ ಕೆಳಗೆ ಬ್ಲ್ಯಾಕ್‌ವುಡ್ ಇದೆ. ಬ್ಯಾಂಡಿನ ಜೇಮ್ಸ್ ಡೀನ್ ಬ್ರ್ಯಾಡ್‌ಫೀಲ್ಡ್, ಶಾನ್ ಮೂರ್, ನಿಕಿ ವೈರ್, ರಿಚಿ ಎಡ್ವರ್ಡ್ಸ್ ನಾಲ್ವರೂ ಅಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಜೇಮ್ಸ್ ಮತ್ತು ಶಾನ್ ದಾಯಾದಿಗಳು. ಇವರು ಹದಿಹರೆಯದಲ್ಲಿದ್ದಾಗಲೇ ಗಣಿ ಮುಚ್ಚುವುದರ ವಿರುದ್ಧ 1984-85ರ ದೊಡ್ಡ ಮುಷ್ಕರ ನಡೆಯಿತು. ಒಂದು ವರ್ಷ ಹಸಿದು ಹೋರಾಡಿದ ಕಾರ್ಮಿಕರು ಸೋತರು. ಪಕ್ಕದ ಓಕ್‌ಡೇಲ್ ಗಣಿ 1989ರಲ್ಲಿ ಮುಚ್ಚಿತು. ಬ್ಯಾಂಡ್ ಹುಟ್ಟಿದ್ದು ಆ ಮುಷ್ಕರ ಮುಗಿದ ಮರುವರ್ಷ, 1986ರಲ್ಲಿ.

ರಿಚಿ ಮೊದಲು ಬ್ಯಾಂಡಿನ ವ್ಯಾನ್ ಓಡಿಸುತ್ತಿದ್ದರು, ಆಮೇಲೆ ಸೇರಿಕೊಂಡರು. ಗಿಟಾರ್ ಅವರಿಗೆ ಅಷ್ಟಕ್ಕಷ್ಟೆ. ಆದರೆ ಓದು ಬಹಳ. ರಿಚಿ, ನಿಕಿ ಸಾಹಿತ್ಯ ಬರೆದು ಕೊಟ್ಟರೆ ಜೇಮ್ಸ್, ಶಾನ್ ಅದಕ್ಕೆ ರಾಗ ಕೂರಿಸಬೇಕು. ಮೊದಲ ಆಲ್ಬಮ್ 1992ರಲ್ಲಿ ಬಂತು. ಕೋಟಿಗಟ್ಟಲೆ ಪ್ರತಿ ಮಾರಿ ಬ್ಯಾಂಡ್ ವಿಸರ್ಜಿಸುತ್ತೇವೆ ಎಂದು ಕೊಚ್ಚಿಕೊಂಡಿದ್ದರು. ಅಷ್ಟೇನೂ ಮಾರಲಿಲ್ಲ, ಬ್ಯಾಂಡೂ ಮುಚ್ಚಲಿಲ್ಲ.

1995ರ ಫೆಬ್ರವರಿ 1. ಅಮೆರಿಕಕ್ಕೆ ವಿಮಾನ ಹತ್ತಬೇಕಿದ್ದ ದಿನ ರಿಚಿ ಲಂಡನ್ನಿನ ಹೋಟೆಲಿನಿಂದ ಹೊರಟವರು ಕಾಣೆಯಾದರು. ಮಾನಸಿಕ ಕಾಯಿಲೆಯಿಂದ ನರಳಿದ್ದವರು. ಎರಡು ವಾರದ ನಂತರ ಅವರ ಕಾರು ಸೆವರ್ನ್ ನದಿಯ ಸೇತುವೆ ಹತ್ತಿರ ಸಿಕ್ಕಿತು. ಅವರು ಸಿಗಲಿಲ್ಲ.

ಉಳಿದವರು ರಿಚಿ ಮನೆಯವರ ಒಪ್ಪಿಗೆ ಕೇಳಿಯೇ ಮುಂದುವರಿದರು. 1996ರ ಏಪ್ರಿಲ್‌ನಲ್ಲಿ 'ಎ ಡಿಸೈನ್ ಫಾರ್ ಲೈಫ್' ಹಾಡು ಬಂತು. ಅದರ ಮೊದಲ ಮಾತೇ ಗ್ರಂಥಾಲಯದ್ದು. ನ್ಯೂಪೋರ್ಟ್ ಪಟ್ಟಣದ ಒಂದು ಹಳೇ ಗ್ರಂಥಾಲಯದ ಗೋಡೆ ಬರಹದಿಂದ ಹುಟ್ಟಿದ ಸಾಲು. ಬಡವರಿಗೆ ಕುಡಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ ಎನ್ನುವವರನ್ನು ಈ ಹಾಡು ಚುಚ್ಚುತ್ತದೆ. ತಮಾಷೆ ಅಂದರೆ, ಪಲ್ಲವಿಯಲ್ಲಿ ಕುಡಿತದ ಮಾತು ಬರುವುದರಿಂದ ಜನ ಅದನ್ನೇ ಕುಡಿದು ಹಾಡಿದರು! ಬ್ರಿಟನ್ನಿನ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕೇರಿತು.

ಅಲ್ಲಿಂದ ಏಳಿಗೆ. 1998ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ ಹೋರಾಡಿದ ವೇಲ್ಸಿನ ಜನರನ್ನು ನೆನೆದ ಹಾಡು ಒಂದನೇ ಸ್ಥಾನಕ್ಕೆ ಬಂತು. ಅದಿದ್ದ ಆಲ್ಬಮ್ಮಿನ ಹೆಸರು ಬೆವನ್ ಅವರ ಮಾತಿನಿಂದ ತೆಗೆದದ್ದು. 2001ರಲ್ಲಿ ಕ್ಯೂಬಾದಲ್ಲಿ ಹಾಡಿದಾಗ ಫಿಡೆಲ್ ಕ್ಯಾಸ್ಟ್ರೊ ಬಂದು ಕೂತು ಕೇಳಿದರು. ಕ್ಯಾಸ್ಟ್ರೊ ಜೊತೆಗಿನ ಆ ಸ್ನೇಹ ಹಲವರಿಗೆ ಹಿಡಿಸಲಿಲ್ಲ. ನಮಗೂ ಅದು ಅವರ ಅತಿಯಾದ ಹುಮ್ಮಸ್ಸು ಎಂದೇ ಅನ್ನಿಸುತ್ತದೆ.

ನಮಗೆ ದೊಡ್ಡದೆನಿಸುವುದು ಲೆಕ್ಕದ ಒಂದು ವಿಷಯ. ರಿಚಿ ಕಾಣೆಯಾದ ಮೇಲೂ ಅವರ ಪಾಲಿನ ಹಣವನ್ನು ಗೆಳೆಯರು ವರ್ಷಗಟ್ಟಲೆ ಬೇರೆ ತೆಗೆದಿಡುತ್ತಾ ಬಂದರು. 2008ರ ನವೆಂಬರ್‌ನಲ್ಲಿ ರಿಚಿ ಮೃತಪಟ್ಟಿದ್ದಾರೆಂದು ಕಾನೂನು ಪ್ರಕಾರ ಭಾವಿಸಲಾಯಿತು. ಕಾಣೆಯಾಗುವ ಕೆಲ ವಾರ ಮುಂಚೆ ಅವರು ಗೆಳೆಯರ ಕೈಗೆ ತಾವು ಬರೆದ ಹಾಡುಗಳ ಕಟ್ಟು ಕೊಟ್ಟಿದ್ದರು. ಹದಿನಾಲ್ಕು ವರ್ಷ ಇಟ್ಟುಕೊಂಡಿದ್ದ ಆ ಕಟ್ಟಿನಿಂದಲೇ ಒಂದು ಪೂರ್ತಿ ಆಲ್ಬಮ್ ಮಾಡಿ 2009ರ ಮೇ ತಿಂಗಳಲ್ಲಿ ಹೊರತಂದರು. ಕಾರ್ಡಿಫ್ ಗ್ರಂಥಾಲಯಕ್ಕೆ ಹೋದದ್ದು ಅದರ ಮರುತಿಂಗಳು.

ಮೂವರೂ ಇನ್ನೂ ಹಾಡುತ್ತಿದ್ದಾರೆ. 2021ರ ಆಲ್ಬಮ್ ಮತ್ತೆ ಒಂದನೇ ಸ್ಥಾನಕ್ಕೆ ಬಂದಿತ್ತು.