ಎಂಟು ಡಾಲರಿನ ಫಜೀತಿ

ಹದಿನಾರು ತುಂಬಿದ ಮಗನನ್ನು ಸ್ನೇಹಿತನಂತೆ ಕಾಣಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಸಂಸ್ಕೃತದ ಗಂಧವೇ ಇಲ್ಲದ ಹಾಲಿವುಡ್ಡಿನವರು ಇದೇ ನೀತಿಯನ್ನು ತೆರೆಯ ಮೇಲೆ ಆಡಿ ತೋರಿಸಿ ಹಣ ಮಾಡಿಕೊಂಡರೆಂಬುದು ಚಲಚ್ಚಿತ್ರದ ಇತಿಹಾಸದಲ್ಲಿ ನನಗೆ ಬಲು ಸ್ವಾರಸ್ಯವಾಗಿ ಕಂಡಿರುವ ಸಂಗತಿ.

1937ರಲ್ಲಿ ಎಂ.ಜಿ.ಎಂ. ಸಂಸ್ಥೆಯವರು ನಾಟಕವೊಂದನ್ನು ಆಧರಿಸಿ ‘ಎ ಫ್ಯಾಮಿಲಿ ಅಫೇರ್’ ಎಂಬ ಸಣ್ಣ ಖರ್ಚಿನ ಚಿತ್ರ ತೆಗೆದರು. ಕಾರ್ವೆಲ್ ಎಂಬ ಕಲ್ಪಿತ ಊರು. ಅಲ್ಲಿನ ನ್ಯಾಯಾಧೀಶ ಹಾರ್ಡಿಯವರ ಸಂಸಾರ. ಕಥೆಗೆ ಯಜಮಾನರು ನ್ಯಾಯಾಧೀಶರೇ. ಆದರೆ ಜನ ಮೆಚ್ಚಿ ನಕ್ಕದ್ದು ಅವರ ಮಗ ಆಂಡಿಯನ್ನು, ಎಂದರೆ ಕುಳ್ಳ ಮಿಕಿ ರೂನಿಯನ್ನು ಕಂಡು. ಅಲ್ಲಿಂದ ಮುಂದೆ ಕಥೆಯೆಲ್ಲ ಅವನ ಸುತ್ತಲೇ ತಿರುಗಿತು. 1946ರೊಳಗೆ 15 ಚಿತ್ರಗಳು ಬಂದವು, 1958ರಲ್ಲಿ ಕೊನೆಯದೊಂದು.

1938ರ ‘ಲವ್ ಫೈಂಡ್ಸ್ ಆಂಡಿ ಹಾರ್ಡಿ’ಯನ್ನೇ ನೋಡಿ. ಆಂಡಿಗೆ 20 ಡಾಲರಿನ ಹಳೆಯ ಕಾರೊಂದರ ಮೇಲೆ ಮನಸ್ಸು. ಕೊಟ್ಟದ್ದು 12, ಬಾಕಿ 8. ರಜಕ್ಕೆ ಪರಊರಿಗೆ ಹೊರಟ ಗೆಳೆಯನೊಬ್ಬ, ತನ್ನ ಹುಡುಗಿಯನ್ನು ಇತರರು ಹಾರಿಸಿಕೊಂಡು ಹೋಗದಂತೆ ಕಾದರೆ ಆ ಎಂಟನ್ನು ಕೊಡುವೆನೆನ್ನುತ್ತಾನೆ. ಅಲ್ಲಿಗೆ ಆಂಡಿಯ ಪಾಡು ನಾಯಿಪಾಡು! ತನ್ನ ಹುಡುಗಿಯ ಮುನಿಸು ಒಂದು ಕಡೆ. ಕೊನೆಗೆ ಗೆಳೆಯನೂ ಕೈಕೊಡುತ್ತಾನೆ. ಪಕ್ಕದ ಮನೆಗೆ ಬಂದಿರುವ, ಯಾರೂ ಲೆಕ್ಕಕ್ಕಿಡದ ಹುಡುಗಿ ಬೆಟ್ಸಿ ಈ ಗೋಜಲನ್ನು ಬಿಡಿಸಬೇಕು. ಆ ಪಾತ್ರ ಜೂಡಿ ಗಾರ್ಲಂಡಳದು.

ಇಂಥ ಇಕ್ಕಟ್ಟಿನಲ್ಲಿ ಆಂಡಿ ತಂದೆಯ ಮುಂದೆ ನಿಂತು, ಗಂಡಸು ಗಂಡಸಿನೊಡನೆ ಆಡುವ ಮಾತಿದೆಯೆಂದು ಅಪ್ಪಣೆ ಬೇಡುವುದು ಈ ಸರಣಿಯ ರೂಢಿ. ತಂದೆಯಾಗಿದ್ದ ಲೂಯಿಸ್ ಸ್ಟೋನ್ ನಗುವುದಿಲ್ಲ, ಗದರುವುದಿಲ್ಲ; ಕೇಳುತ್ತಾರೆ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಸಿಕ್ಕದ ಹುಡುಗರು ಹೈಸ್ಕೂಲಿನಲ್ಲೇ ಉಳಿದರು. ಮಗುವೂ ಅಲ್ಲದ, ಗಂಡಸೂ ಅಲ್ಲದ ಈ ಪ್ರಾಯ ಮನೆಮನೆಯ ಸಮಸ್ಯೆಯಾಯಿತು. ಕೇಳುವ ತಂದೆಯೊಬ್ಬ ಆ ಮನೆಗಳಿಗೆ ಬೇಕಾಗಿದ್ದನೆಂದು ನನಗೆ ತೋರುತ್ತದೆ.

ಬೇಕಾಗಿದ್ದುದು ಪ್ರೇಕ್ಷಕರಿಗಷ್ಟೇ ಅಲ್ಲ. ರೂನಿಗೆ ಎರಡು ತುಂಬುವ ಮೊದಲೇ ರಂಗವೇರುವ ಯೋಗ. ತಂದೆತಾಯಿ ಬೇರೆಯಾದಾಗ ಇನ್ನೂ ಎಳೆಯ ಮಗು. ಜೂಡಿಯೂ ಎರಡೂವರೆಗೇ ಹಾಡಲು ನಿಂತವಳು. 1935ರಲ್ಲಿ ತಂದೆಯನ್ನು ಕಳೆದುಕೊಂಡಳು. 1939ರಿಂದ 1941ರವರೆಗೆ ಗಲ್ಲಾಪೆಟ್ಟಿಗೆಯಲ್ಲಿ ರೂನಿಯನ್ನು ಮೀರಿಸಿದವರಿಲ್ಲ. 1943ರಲ್ಲಿ ಅಮೆರಿಕದ ಬದುಕನ್ನು ಬಿಂಬಿಸಿದ್ದಕ್ಕಾಗಿ ಈ ಸರಣಿಗೆ ವಿಶೇಷ ಆಸ್ಕರ್ ಬಂತು, ಪಡೆದದ್ದು ಕಂಪನಿ.

ತೆರೆಯ ಮೇಲೆ ಎಂಟು ಡಾಲರಿನ ಫಜೀತಿ ಒಂದೂವರೆ ಗಂಟೆಯಲ್ಲಿ ಬಗೆಹರಿಯಿತು. ನಾಡಿಗೆಲ್ಲ ಹರೆಯದ ನಗೆಯನ್ನು ಹಂಚಿದ ಆ ಮಕ್ಕಳಿಗೆ ಸಲ್ಲಬೇಕಾಗಿದ್ದ ಹರೆಯದ ಬಾಕಿಯನ್ನು ಮಾತ್ರ ಯಾವ ನ್ಯಾಯಾಧೀಶರೂ ಕೊಡಿಸಲಿಲ್ಲ.