ಕಾಲಿಗೆ ಬಡಿದ ಮೊಳೆ: ಆಣಿಯ ಹಿಂದಿನ ಚರಿತ್ರೆ

ಅಂಗಾಲಿನಲ್ಲೋ ಕಿರುಬೆರಳಿನ ಮೇಲೋ ಕಾಳಿನಷ್ಟು ಗಾತ್ರಕ್ಕೆ ಗಟ್ಟಿಯಾಗಿ ಬೆಳೆದು, ಹೆಜ್ಜೆ ಊರಿದಾಗಲೆಲ್ಲ ಚುಚ್ಚುವ ಚರ್ಮಕ್ಕೆ ಕನ್ನಡದಲ್ಲಿ ‘ಆಣಿ’ ಎಂದು ಹೆಸರು. ಆಣಿ ಎಂದರೆ ಮೊಳೆ. ಸುಶ್ರುತ ಸಂಹಿತೆ ಇದನ್ನು ‘ಕದರ’ ಎಂದು ಕರೆದು ಕೀಲಕ್ಕೆ ಹೋಲಿಸಿತು. ರೋಮನ್ನರು ‘ಕ್ಲಾವಸ್’ ಎಂದರು. ಲ್ಯಾಟಿನ್ನಿನಲ್ಲಿ ಅದಕ್ಕೂ ಮೊಳೆಯೆಂದೇ ಅರ್ಥ. ಒಂದಕ್ಕೊಂದು ದೂರದ ಮೂರು ಭಾಷೆಗಳ ಜನ ಒಂದೇ ನೋವಿಗೆ ಒಂದೇ ಹೋಲಿಕೆಯನ್ನು ಕಂಡುಕೊಂಡದ್ದು ಕುತೂಹಲಕರ.

ಸುಶ್ರುತನ ಗ್ರಂಥ ಕಾಲಿನ ಕಾಯಿಲೆಗಳನ್ನು ನೆಲದೊಂದಿಗೆ ಜೋಡಿಸಿ ನೋಡುತ್ತದೆ. ಹರಳುಕಲ್ಲು ಒತ್ತಿದ, ಮುಳ್ಳು ಚುಚ್ಚಿದ ಪಾದದಲ್ಲಿ ಎಲಚಿ ಹಣ್ಣಿನಷ್ಟು ದೊಡ್ಡ ಗಂಟಾಗಿ ಬರುವುದು ಕದರ. ಬಹಳ ನಡೆಯುವವರ ಒಣಗಿದ ಕಾಲು ಬಿರಿಯುವುದು ಪಾದದಾರಿ. ಕೆಟ್ಟ ಕೆಸರು ತಗುಲಿ ಬೆರಳ ಸಂದಿ ನೆನೆದು ನವೆಯಾಗುವುದು ಅಲಸ. ಮಂಡ್ಯ ಜಿಲ್ಲೆಯ ರೈತರಿಗೆ ಈ ವಿಂಗಡಣೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ಕಾವೇರಿ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ಮಾಡುವವರಿಗೆ ಬೆರಳ ಸಂದಿಯ ಹುಣ್ಣು ಗೊತ್ತು. ನಾಗಮಂಗಲದ ದೇವಲಾಪುರದ ಕಡೆ, ಮಳೆಯನ್ನು ನಂಬಿ ರಾಗಿ, ಹುರುಳಿ ಬೆಳೆಯುವ ಹೊಲಗಳಲ್ಲಿ ಓಡಾಡುವವರಿಗೆ ಒಡೆದ ಹಿಮ್ಮಡಿಯೂ ಆಣಿಯೂ ಗೊತ್ತು.

ಆದರೆ ಕಾರಣದ ವಿಷಯದಲ್ಲಿ ಹಳೆಯ ನಂಬಿಕೆ ಪೂರ್ತಿ ಸರಿಯಲ್ಲ. ಒಳಗೆ ಮುಳ್ಳಿನ ಮುರುಕು ಉಳಿದಿದೆ, ಆಣಿಗೆ ಬೇರಿದೆ ಎಂದು ಇಂದಿಗೂ ಹಲವರು ತಿಳಿದಿದ್ದಾರೆ. ನಿಜವಾಗಿ ಆಣಿಗೆ ಬೇರಿಲ್ಲ. ಒಂದೇ ಜಾಗದ ಮೇಲೆ ಒತ್ತಡವೂ ಉಜ್ಜಾಟವೂ ಮತ್ತೆ ಮತ್ತೆ ಬಿದ್ದಾಗ ಚರ್ಮ ತನ್ನ ರಕ್ಷಣೆಗಾಗಿ ದಪ್ಪಗಾಗುತ್ತದೆ. ಅದು ಅಗಲವಾಗಿ ಹರಡಿದರೆ ಜಡ್ಡು. ಮೂಳೆಯ ಉಬ್ಬಿನ ಮೇಲೆ ಒಂದೇ ಬಿಂದುವಿನಲ್ಲಿ ಸೇರಿ ಒಳಮುಖವಾಗಿ ಚೂಪಾದರೆ ಆಣಿ. ಆ ಚೂಪು ತುದಿ ನರವನ್ನು ಒತ್ತುವುದರಿಂದಲೇ ಮೊಳೆ ಹೊಡೆದಂಥ ನೋವು. ಅಂಗಾಲಿನ ನರಹುಲಿ ಇದನ್ನೇ ಹೋಲುತ್ತದಾದರೂ ಅದು ವೈರಸ್ಸಿನಿಂದ ಬರುವಂಥದು. ಅದರಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಾಣುವುದುಂಟು.

ಬರಿಗಾಲಿನವರಿಗೆ ಸಾಮಾನ್ಯವಾಗಿ ಅಂಗಾಲೆಲ್ಲ ಜಡ್ಡುಗಟ್ಟುತ್ತದೆ. ಬೆರಳುಗಳ ಮೇಲಿನ ಆಣಿ ಹೆಚ್ಚಾಗಿ ಬಿಗಿಯಾದ ಬೂಟಿನ ಕೊಡುಗೆ. ಲಂಡನ್ನಿನ ಡೇವಿಡ್ ಲೋ ಎಂಬಾತ 1785ರಲ್ಲಿ ಆಣಿಯ ಬಗ್ಗೆಯೇ ಒಂದು ಪುಸ್ತಕ ಬರೆದು, ಪಾದವೈದ್ಯನಿಗೆ ‘ಕಿರಾಪೊಡಿಸ್ಟ್’ ಎಂಬ ಹೆಸರನ್ನು ಬಳಕೆಗೆ ತಂದ. ಭಾರತದಲ್ಲಿ 1931ರಲ್ಲಿ ಕಾಲಿಟ್ಟ ಬಾಟಾ ಕಂಪನಿಯಂಥವು ಸಿದ್ಧ ಪಾದರಕ್ಷೆಗಳನ್ನು ಜನಸಾಮಾನ್ಯರಿಗೆ ತಲುಪಿಸಿದವು. ಊರಿನ ಮಾದಿಗರು, ಸಮಗಾರರು ಕಾಲಿನ ಅಳತೆ ನೋಡಿ ಮೆಟ್ಟು ಹೊಲಿದು ಕೊಡುತ್ತಿದ್ದ ಪದ್ಧತಿ ಹೋಗಿ, ಪೇಟೆಯ ನಂಬರಿಗೆ ಕಾಲನ್ನು ಹೊಂದಿಸುವ ಕಾಲ ಬಂತು.

ಚಿಕಿತ್ಸೆಯ ಕಥೆ ದಯೆಯಿಲ್ಲದ್ದು. ಕದರವನ್ನು ಕತ್ತರಿಸಿ ತೆಗೆದು ಬಿಸಿ ಎಣ್ಣೆಯಿಂದ ಸುಡಬೇಕೆಂದು ಸುಶ್ರುತ ಹೇಳಿದ. ರೋಮಿನ ಸೆಲ್ಸಸ್ ಆಗಾಗ ಹೆರೆಯುವುದೇ ಮೇಲೆಂದ. ನಮ್ಮ ಹಳ್ಳಿಗಳಲ್ಲಿ ಎಕ್ಕದ ಹಾಲು ಹಚ್ಚಿದರು, ಗೇರೆಣ್ಣೆಯಿಂದ ಸುಟ್ಟರು. ಜರ್ಮನಿಯ ಹರ್ಮನ್ ಕೋಲ್ಬೆ 1874ರಲ್ಲಿ ಸ್ಯಾಲಿಸಿಲಿಕ್ ಆಮ್ಲವನ್ನು ಅಗ್ಗವಾಗಿ ತಯಾರಿಸುವ ದಾರಿ ತೋರಿದ ಮೇಲೆ ನೋವಿಲ್ಲದ ಉಪಾಯ ಸಿಕ್ಕಿತು. ಔಷಧಿ ಅಂಗಡಿಯ ‘ಕಾರ್ನ್ ಕ್ಯಾಪ್’ನಲ್ಲಿರುವುದು ಇದೇ ಆಮ್ಲ, ಗಡಸು ಚರ್ಮವನ್ನು ಮೆತ್ತಗೆ ಮಾಡಿ ಪದರ ಪದರವಾಗಿ ಬಿಡಿಸುತ್ತದೆ. ಒತ್ತಡ ಮಾತ್ರ ತಪ್ಪದಿದ್ದರೆ ಯಾವ ಔಷಧಿಗೂ ಆಣಿ ಮರುಕಳಿಸದೆ ಇರದು.

ನೋವು ಕೊಡುವ ಆಣಿಗಿಂತ ನೋವೇ ಇಲ್ಲದ ಆಣಿ ಹೆಚ್ಚು ಅಪಾಯಕಾರಿ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದ ಹುಣ್ಣಾಗುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ಸ್ಪರ್ಶವಿಲ್ಲದ ಕಾಲಿನ ಮೇಲೆ ಬೀಳುವ ಒತ್ತಡದಿಂದ ಎಂದು ತೋರಿಸಿದರು. ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಬಳಕೆಗೆ ಬಂದದ್ದು ಈ ತಿಳಿವಳಿಕೆಯಿಂದಲೇ. ಮಧುಮೇಹಿಗಳ ಪಾದಕ್ಕೂ ಇದೇ ಮಾತು ಅನ್ವಯ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಕಾಲು ಮರಗಟ್ಟಿದವರಿಗೆ ಆಣಿಯ ಅಡಿಯಲ್ಲಿ ಹುಣ್ಣಾದರೂ ತಿಳಿಯುವುದಿಲ್ಲ. ಅಂಥವರು ಬ್ಲೇಡಿನಿಂದ ಕೆತ್ತುವುದಾಗಲಿ, ಆಮ್ಲದ ಪಟ್ಟಿ ಹಚ್ಚುವುದಾಗಲಿ ಕಾಲನ್ನೇ ಕಳೆದುಕೊಳ್ಳುವ ದಾರಿಯಾಗಬಹುದು. ಅವರು ವೈದ್ಯರಿಗೇ ತೋರಿಸಬೇಕು.

ಉಳಿದವರಿಗೆ ಮದ್ದು ಸರಳ: ಬೆರಳುಗಳಿಗೆ ಜಾಗವಿರುವ ಮೆತ್ತನೆಯ ಪಾದರಕ್ಷೆ, ಬೆಚ್ಚನೆಯ ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜುವುದು, ದಿನಕ್ಕೊಮ್ಮೆ ಅಂಗಾಲನ್ನು ನೋಡಿಕೊಳ್ಳುವುದು. ಮೊಳೆಯನ್ನು ಕೀಳುವ ಮೊದಲು ಅದನ್ನು ಬಡಿಯುತ್ತಿರುವುದು ಯಾವುದೆಂದು ಹುಡುಕಿದರೆ ಅರ್ಧ ಚಿಕಿತ್ಸೆ ಮುಗಿದಂತೆ.